ಯಲ್ಲಾಪ್ರಗಡ ಸುಬ್ಬರಾಯರು

ಬೇಮಳಖೇಡವಿರುವ ಬೀದರ ಜಿಲ್ಲೆಯಲ್ಲಿ ಆನೆಕಾಲು ರೋಗದ ತಡೆಗಾಗಿ ಡಿ.ಇ.ಸಿ. ಮಾತ್ರೆಗಳನ್ನು ಮನೆಮನೆಗೂ ಹಂಚಿದುದು ಅನೇಕರಿಗೆ ನೆನಪಿರಬಹುದು. ಆ ಮದ್ದು ಸುಬ್ಬರಾಯರ ಮಾರ್ಗದರ್ಶನದಲ್ಲಿ ಸಿದ್ಧವಾಯಿತೆಂದು ಬಲ್ಲವರು ವಿರಳ. ಕ್ಯಾನ್ಸರ್ ಚಿಕಿತ್ಸೆಯ ಮೇಲಿರುವ ಅವರ ಋಣ ಇನ್ನೂ ದೊಡ್ಡದು.

ಸುಬ್ಬರಾಯರು 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯಶಾಸ್ತ್ರ ಓದುವಾಗ ಖಾದಿ ಧರಿಸಿ ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಪಾತ್ರರಾದರು. ಪೂರ್ಣ ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ದೊರೆಯಿತು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು. 1922ರಲ್ಲಿ ಅಮೆರಿಕೆಯ ಬಾಸ್ಟನ್ ನಗರಕ್ಕೆ ತೆರಳಿ, ಆಸ್ಪತ್ರೆಯಲ್ಲಿ ರಾತ್ರಿಯ ಚಾಕರಿ ಮಾಡುತ್ತ ಹಾರ್ವರ್ಡಿನಲ್ಲಿ ವ್ಯಾಸಂಗ ನಡೆಸಿದರು.

1929ರಲ್ಲಿ ಅವರೂ ಫಿಸ್ಕೆ ಎಂಬ ವಿಜ್ಞಾನಿಯೂ ಸ್ನಾಯುವಿನಲ್ಲಿ ಎ.ಟಿ.ಪಿ. ಎಂಬ ವಸ್ತುವನ್ನು ಕಂಡುಹಿಡಿದರು. ಅದೇ ವರ್ಷ ಜರ್ಮನಿಯ ಲೋಮನ್ನರೂ ಅದನ್ನು ಕಂಡಿದ್ದರು. ಜೀವಕೋಶದ ಶಕ್ತಿಯ ಬಹುಪಾಲು ಇದರ ಮೂಲಕ ವ್ಯಯವಾಗುತ್ತದೆ. ಅಷ್ಟೇ ಅಲ್ಲ, ಬೆಳೆಯಬೇಕೆಂಬ ಸೂಚನೆ ಕೋಶಕ್ಕೆ ಬಂದಾಗ ಒಂದು ಪ್ರೋಟೀನು ಎ.ಟಿ.ಪಿ.ಯಿಂದ ಫಾಸ್ಫೇಟನ್ನು ಪಡೆದು ಇನ್ನೊಂದಕ್ಕೆ ಅಂಟಿಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿ ಸೂಚನೆ ಕೋಶಕೇಂದ್ರವನ್ನು ಮುಟ್ಟುತ್ತದೆ. ಕಾರ್ಯ ಮುಗಿದೊಡನೆ ಅದು ನಿಲ್ಲಬೇಕು. ಕಾಲುವೆಯ ತೂಬು ಮುಚ್ಚದೆ ಉಳಿದರೆ ಹೊಲದ ಗತಿಯೇನು? ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಎರಡು ಜೀನುಗಳು ತಪ್ಪಾಗಿ ಬೆಸೆದುಕೊಂಡು, ಬಿಡುವಿಲ್ಲದೆ ಸೂಚನೆ ಕಳುಹಿಸುವ ಪ್ರೋಟೀನನ್ನು ಹುಟ್ಟಿಸುತ್ತವೆ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಎಂಬ ಔಷಧಿಯು ಎ.ಟಿ.ಪಿ. ಕೂರುವ ತಾಣದಲ್ಲಿ ತಾನೇ ಕುಳಿತು ಅದನ್ನು ತಡೆಯುತ್ತದೆ. ಇಂತಹ ದಿನ ಬರುವುದೆಂದು ಸುಬ್ಬರಾಯರು ಊಹಿಸಿರಲಾರರು.

ಇಷ್ಟು ಸಾಧಿಸಿದವರಿಗೆ ಹಾರ್ವರ್ಡ್ ಖಾಯಂ ಹುದ್ದೆಯನ್ನು ಕೊಡಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಕೊಂದ ಬೇನೆಗೇ ಅದು ಮದ್ದಾಯಿತು. ಆದರೆ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರರು ರಕ್ತದ ಕ್ಯಾನ್ಸರಿನಿಂದ ನರಳುವ ಮಕ್ಕಳಿಗೆ ಆ ಬಗೆಯ ವಸ್ತುವನ್ನು ಕೊಟ್ಟಾಗ ರೋಗ ಉಲ್ಬಣಿಸಿತು. ಹಾಗಾದರೆ ಫೋಲಿಕ್ ಆಮ್ಲದ ಕಾರ್ಯವನ್ನು ತಡೆದರೆ ರೋಗ ಕುಗ್ಗೀತೆ? ಸುಬ್ಬರಾಯರ ತಂಡ ಅದರಂತೆಯೇ ತೋರುವ, ಅದರ ಕೆಲಸ ಮಾಡದ ಅಮಿನಾಪ್ಟೆರಿನ್ನನ್ನು ಒದಗಿಸಿತು. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಕೆಲವು ತಿಂಗಳುಗಳ ಮಟ್ಟಿಗೆ ಮಾತ್ರ.

1948ರ ಜೂನಿನಲ್ಲಿ ಆ ವರದಿ ಪ್ರಕಟವಾಯಿತು. ಆಗಸ್ಟಿನಲ್ಲಿ ಸುಬ್ಬರಾಯರು ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅದೇ ಕುಲದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಔಷಧಿಗಳಲ್ಲಿ ಒಂದು.