ಸೀಸದ ದ್ರವದಲ್ಲಿ ಕೈ ತೊಳೆದ ಥಾಮಸ್ ಮಿಡ್ಗ್ಲಿಗೆ ನಿಜಕ್ಕೂ ಏನೂ ಆಗಲಿಲ್ಲವೇ?

1924ರ ಅಕ್ಟೋಬರ್ 30. ನ್ಯೂಯಾರ್ಕ್‌ನಲ್ಲಿ ಪತ್ರಕರ್ತರ ಮುಂದೆ ನಿಂತ ಥಾಮಸ್ ಮಿಡ್ಗ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಕೈಗೆ ಸುರಿದುಕೊಂಡು ಉಜ್ಜಿದರು. ಸುಮಾರು ಒಂದು ನಿಮಿಷ ಅದರ ಆವಿಯನ್ನೂ ಮೂಸಿದರು. ದಿನಾ ಹೀಗೆ ಮಾಡಿದರೂ ತನಗೇನೂ ಆಗದು ಎಂದರು. ಆಗ ವಾಟ್ಸ್ಆ್ಯಪ್ ಇದ್ದಿದ್ದರೆ ಆ ವಿಡಿಯೊ ಎಷ್ಟು ಗ್ರೂಪ್ ಸುತ್ತುತ್ತಿತ್ತೋ! ಆದರೆ ಅದೇ ದಿನಗಳಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಇದೇ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿ ಸ್ತಿಮಿತ ಕಳೆದುಕೊಂಡು ಸತ್ತಿದ್ದರು. ಸ್ವತಃ ಮಿಡ್ಗ್ಲಿಯೂ ಹಿಂದಿನ ವರ್ಷ ಸೀಸದ ವಿಷದಿಂದ ಬಳಲಿ, ಸುಧಾರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿ ಬಂದಿದ್ದರು.

ಮಿಡ್ಗ್ಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಕಾರ್ನೆಲ್‌ನಲ್ಲಿ. ಆಗಿನ ಕಾರುಗಳ ಎಂಜಿನ್ ಕಟಕಟ ಬಡಿದುಕೊಳ್ಳುತ್ತಿತ್ತು. ಜನರಲ್ ಮೋಟರ್ಸ್‌ನಲ್ಲಿ ಇದಕ್ಕೆ ಮದ್ದು ಹುಡುಕುತ್ತಿದ್ದ ಅವರಿಗೆ 1921ರ ಡಿಸೆಂಬರ್‌ನಲ್ಲಿ ಸಿಕ್ಕಿದ್ದೇ ಈ ಸೀಸ. ಆಲ್ಕೋಹಾಲ್ ಬೆರೆಸಿದರೂ ಸದ್ದು ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ಮಾರುಕಟ್ಟೆಗೆ ಬಂದದ್ದು ಸೀಸವೇ, ಅದೂ ಈಥೈಲ್ ಎಂಬ ಹೆಸರಿನಲ್ಲಿ. ಆ ಹೆಸರಲ್ಲಿ ಸೀಸದ ಸುಳಿವೇ ಇಲ್ಲ!

ಮುಂದೆ ಪೋಲಿಯೊ ತಗುಲಿ ಕಾಲು ಸ್ವಾಧೀನ ತಪ್ಪಿದಾಗ, ಹಾಸಿಗೆಯಿಂದ ಏಳಲು ಹಗ್ಗ-ರಾಟೆಯ ಸಾಧನವೊಂದನ್ನು ಅವರೇ ಮಾಡಿಕೊಂಡರು. 1944ರಲ್ಲಿ ಅದರ ಹಗ್ಗ ಕೊರಳಿಗೆ ಬಿಗಿದು ತೀರಿಕೊಂಡರು. ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಓಡಾಡುವುದು ಈ ಸಾವಿನ ಕಥೆಯೇ. ಅದಕ್ಕಿಂತ ದೊಡ್ಡ ಕಥೆ ಅವರ ಪೆಟ್ರೋಲ್‌ನದು.

ಹೊಗೆಯಲ್ಲಿ ಹೊರಬಂದ ಸೀಸ ರಸ್ತೆ ಬದಿಯ ಧೂಳಿಗೆ ಸೇರಿತು. ಧೂಳಾದ ಕೈಯನ್ನು ಬಾಯಿಗಿಡುವ ಮಕ್ಕಳ ಹೊಟ್ಟೆ, ದೊಡ್ಡವರಿಗಿಂತ ಹಲವು ಪಟ್ಟು ಹೆಚ್ಚು ಸೀಸ ಹೀರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಭಾವಿಸಿ ಮೂಳೆಯಲ್ಲಿ ದಶಕಗಟ್ಟಲೆ ಕೂಡಿಡುತ್ತದೆ. ವಯಸ್ಸಾಗಿ ಮೂಳೆ ಸವೆದಾಗ ಅದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಚಿಕ್ಕಂದಿನಲ್ಲಿ ಹೊಗೆ ಕುಡಿದೇ ಬೆಳೆದೆವು, ನಮಗೇನಾಯಿತು ಎಂದು ಕೇಳುವವರಿಗೆ ಉತ್ತರ ಆ ದಿನವೋ ಮರುವರ್ಷವೋ ಸಿಗುವಂಥದ್ದಲ್ಲ.

ನ್ಯೂಜಿಲೆಂಡ್‌ನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ಬೆನ್ನುಹತ್ತಿದ್ದಾರೆ. ಅಲ್ಲಿ ಸೀಸ ಬಡವ-ಶ್ರೀಮಂತ ಎನ್ನದೆ ಎಲ್ಲರ ಮೈ ಸೇರಿತ್ತು. 11ನೇ ವಯಸ್ಸಿನಲ್ಲಿ ರಕ್ತದಲ್ಲಿ ಹೆಚ್ಚು ಸೀಸವಿದ್ದವರ ಐಕ್ಯೂ, 38ನೇ ವಯಸ್ಸಿಗೆ ಬಾಲ್ಯದಲ್ಲಿದ್ದುದಕ್ಕಿಂತ ಇಳಿದಿತ್ತು. 45ರಲ್ಲಿ ಸ್ಕ್ಯಾನ್ ಮಾಡಿದಾಗ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಕೂಡ ಅವರಲ್ಲಿ ಚಿಕ್ಕದಾಗಿತ್ತು. ಇದು ಗುಂಪಿನ ಸರಾಸರಿ ಲೆಕ್ಕ. ನಿಮ್ಮ ತಂದೆಯ ಮರೆವಿಗೆ ಪೆಟ್ರೋಲೇ ಕಾರಣ ಎಂದು ಇದರಿಂದ ಹೇಳಲಾಗದು.

ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಹಳೆಯ ಬಣ್ಣ, ಬ್ಯಾಟರಿ ಒಡೆಯುವ ಜಾಗ, ಕಲಬೆರಕೆಯ ಅರಿಶಿನದಲ್ಲಿ ಸೀಸ ಈಗಲೂ ಇದೆ. ಮಗುವಿಗೆ ತಗುಲಿದೆ ಎಂಬ ಅನುಮಾನವಿದ್ದರೆ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಡ್ಯುನೆಡಿನ್‌ನ ಆ ಮಕ್ಕಳು ಈಗ ಐವತ್ತು ದಾಟಿದ್ದಾರೆ, ಅಧ್ಯಯನ ಇನ್ನೂ ನಡೆದಿದೆ.