ಕ್ಯಾನ್ಸರ್‌ಗೆ ಮದ್ದು ಹುಡುಕಿದ ಡಾ. ಯಲ್ಲಾಪ್ರಗಡ ಸುಬ್ಬರಾವ್

ಪರೀಕ್ಷೇಲಿ ಫೇಲಾದವರನ್ನು ನಾವು ದಡ್ಡ ಅಂತ ಆಡಿಕೊಂಡು ನಗುತ್ತೇವೆ. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಒಬ್ಬ ವಿಜ್ಞಾನಿಯ ವಿಷಯ ಓದಿರಿ.

ಜನನ ಮತ್ತು ಬಾಲ್ಯ
ಸುಬ್ಬರಾಯರು 1895ನೇ ಇಸವಿ ಜನವರಿ 12ರಂದು ಭೀಮಾವರಂ ಎಂಬ ಊರಿನಲ್ಲಿ ಹುಟ್ಟಿದರು. ಅದು ಈಗ ಆಂಧ್ರಪ್ರದೇಶದಲ್ಲಿದೆ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳ ಮನೆ, ಬಹಳ ಬಡತನ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡೋಣ ಅಂತ ಚಿಕ್ಕಂದಿನಲ್ಲಿ ಮನೆ ಬಿಟ್ಟು ಓಡಿದ್ದರಂತೆ. ತಾಯಿ ಬಿಡಲಿಲ್ಲ, ವಾಪಸ್ಸು ಕರೆಸಿ ಶಾಲೆಗೆ ಅಟ್ಟಿದರು. ಮದ್ರಾಸಿನಲ್ಲಿ ಮೂರನೇ ಸಲ ಪರೀಕ್ಷೆ ಕಟ್ಟಿ ಪಾಸಾದರು.

ವಿದ್ಯಾಭ್ಯಾಸ
ಆಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿ ಕರೆ ಕೇಳಿ ಆಪರೇಷನ್ ಕೋಣೆಗೂ ಖಾದಿ ಗೌನ್ ಹಾಕಿಕೊಂಡು ಹೋದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಅದರಿಂದ ಎಂ.ಬಿ.ಬಿ.ಎಸ್. ಸಿಗದೆ ಅದಕ್ಕಿಂತ ಕಡಿಮೆಯ ಎಲ್.ಎಂ.ಎಸ್. ಮಾತ್ರ ಸಿಕ್ಕಿತು.

ಆ ಕಾಲದಲ್ಲೇ ಇವರ ಇಬ್ಬರು ಅಣ್ಣತಮ್ಮಂದಿರು ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ಆ ಕಾಯಿಲೆಯಲ್ಲಿ ಉಂಡದ್ದು ಮೈಗೆ ಹತ್ತೋದಿಲ್ಲ, ಭೇದಿಯಾಗಿ ರಕ್ತ ಕಡಿಮೆಯಾಗುತ್ತದೆ. ಆಗ ಅದಕ್ಕೆ ಸರಿಯಾದ ಔಷಧಿ ಇರಲಿಲ್ಲ.

ಅಮೆರಿಕದಲ್ಲಿ
ಹೆಂಡತಿಯನ್ನು ಊರಲ್ಲೇ ಬಿಟ್ಟು, ಮಾವನವರ ಸಹಾಯದಿಂದ ಹಡಗು ಹತ್ತಿ ಅಮೆರಿಕದ ಬಾಸ್ಟನ್ನಿಗೆ ಹೋದರು. ಹಗಲು ಹಾರ್ವರ್ಡ್‌ನಲ್ಲಿ ಓದು. ರಾತ್ರಿ ಆಸ್ಪತ್ರೆಯಲ್ಲಿ ಜವಾನನ ಕೆಲಸ, ರೋಗಿಗಳ ಮಲಮೂತ್ರದ ಪಾತ್ರೆ ಕೂಡ ತೊಳೆದರು. ಫಿಸ್ಕೆ ಎಂಬುವರ ಜೊತೆ ಸೇರಿ ನಮ್ಮ ಮೈಗೆ ಶಕ್ತಿ ಕೊಡುವ ಎ.ಟಿ.ಪಿ. ಎಂಬ ವಸ್ತುವನ್ನು 1929ರಲ್ಲಿ ಕಂಡುಹಿಡಿದರು. ಆದರೂ ಅಲ್ಲಿ ಖಾಯಂ ಕೆಲಸ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದರು.

ಸಂಶೋಧನೆ
1945ರಲ್ಲಿ ಇವರ ಗುಂಪು ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಅದು ಸೊಪ್ಪಿನಲ್ಲೂ ಇರುತ್ತೆ. ನಮಗೆ ಶಾಲೇಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯಲ್ಲೂ ಇದೆ. ಸ್ಪ್ರೂ ಕಾಯಿಲೆಗೆ ಅದೇ ಮದ್ದಾಯಿತು! ಆದರೆ ಆ ಹೊತ್ತಿಗೆ ಅಣ್ಣತಮ್ಮಂದಿರು ಸತ್ತು ಎಷ್ಟೋ ವರ್ಷ ಆಗಿತ್ತು.

ಜೀವಕೋಶ ಒಂದು ಎರಡಾಗಲು ಫೋಲಿಕ್ ಆಮ್ಲ ಬೇಕು. ಸಿಕ್ಕಾಪಟ್ಟೆ ಬೆಳೆಯುವ ಕ್ಯಾನ್ಸರ್ ಕೋಶಕ್ಕೂ ಬೇಕು. ಅದಕ್ಕೇ ಇವರ ಗುಂಪು ಫೋಲಿಕ್ ಆಮ್ಲದಂತೆಯೇ ಕಾಣುವ ಸುಳ್ಳು ವಸ್ತುಗಳನ್ನು ತಯಾರಿಸಿತು. ಬೀಗದೊಳಗೆ ಹೋಗುತ್ತೆ ಆದರೆ ತಿರುಗಲ್ಲ, ಅಂಥ ಕೀಲಿಕೈ ಇದ್ದ ಹಾಗೆ. ಅಂಥದ್ದೊಂದರ ಹೆಸರು ಅಮಿನೋಪ್ಟೆರಿನ್. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು. ಕೆಲವು ತಿಂಗಳಾದ ಮೇಲೆ ಕಾಯಿಲೆ ಮತ್ತೆ ಬಂತು ನಿಜ. ಆದರೆ ಔಷಧಿಯಿಂದ ಆ ಕಾಯಿಲೆಯನ್ನು ತಡೆಯಬಹುದು ಅಂತ ಗೊತ್ತಾಯಿತು.

ಮರಣ
ಆ ಫಲಿತಾಂಶ ಅಚ್ಚಾಗಿದ್ದು 1948ರ ಜೂನ್ ತಿಂಗಳಲ್ಲಿ. ಅದೇ ಆಗಸ್ಟ್‌ನಲ್ಲಿ ಸುಬ್ಬರಾಯರು ನಿದ್ದೆಯಲ್ಲೇ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಊರಿಗೆ ಒಮ್ಮೆಯೂ ಹಿಂದಿರುಗಲಿಲ್ಲ. ನೊಬೆಲ್ ಬಹುಮಾನವೂ ಬರಲಿಲ್ಲ. 1995ರಲ್ಲಿ ನಮ್ಮ ದೇಶ ಇವರ ಅಂಚೆಚೀಟಿ ತಂದಿತು.

ಅವರ ಗುಂಪೇ ಮಾಡಿದ ಇನ್ನೊಂದು ಸುಳ್ಳು ಕೀಲಿಕೈ ಮೆಥೋಟ್ರೆಕ್ಸೇಟ್. ಬಸುರಿಯ ಮಾಸಿನಿಂದ ಹುಟ್ಟುವ ಒಂದು ಕ್ಯಾನ್ಸರ್ ಇದೆ. 1956ರಲ್ಲಿ ಮೆಥೋಟ್ರೆಕ್ಸೇಟ್ ಕೊಟ್ಟು ಅದನ್ನು ಗುಣಪಡಿಸಿದ ಸುದ್ದಿ ಬಂತು. ಆ ಔಷಧಿ ಇವತ್ತಿಗೂ ಬಳಕೆಯಲ್ಲಿದೆ. ಹೆಂಗಸರ ಅಂಡಾಶಯದ ಕ್ಯಾನ್ಸರ್ ಕೋಶಗಳಲ್ಲಿ ಫೋಲಿಕ್ ಆಮ್ಲ ಹಿಡಿದುಕೊಳ್ಳುವ ಬಾಗಿಲು ಹೆಚ್ಚಾಗಿ ಇರುತ್ತವೆ. ಆ ಬಾಗಿಲಿಂದಲೇ ಒಳಗೆ ಹೋಗಿ ಹೊಡೆಯುವ ಒಂದು ಮದ್ದಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಗೆಳೆಯರೇ, ವೆಂಕಮ್ಮನವರು ಮಗ ಫೇಲಾದ, ಹಣ್ಣು ಮಾರಲಿ ಬಿಡು ಅಂತ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಇನ್ನು ಮೇಲೆ ಫೇಲಾದವರನ್ನು ನೋಡಿ ನಗಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡಿ.

— 7ನೇ ತರಗತಿ