ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು

ಗೆದ್ದವರ ಚರಿತ್ರೆಯನ್ನು ಬರೆಯುವವರು ಬಹುಮಂದಿ ಇದ್ದಾರೆ. ನಾವಾದರೋ ಚುನಾವಣೆಯೊಂದರಲ್ಲಿ ಸೋತ ಮಹಿಳೆಯೊಬ್ಬರ ಜೀವನವನ್ನು ನಮ್ಮ ವಾಚಕ ಸೋದರಿಯರ ಮುಂದಿರಿಸಲು ಬಯಸುತ್ತೇವೆ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತಾಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ವಿದ್ಯಾವತಿಯರು. ಬಾಲಕಿಯು ಏಳು ವರ್ಷದವಳಿರುವಾಗ ತಂದೆಯವರು ಮೃತ್ಯುಪತ್ರವನ್ನು ಬರೆಯದೆಯೇ ತೀರಿಕೊಂಡರು. ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸಂದಿತು. ತಾಯಿಗೆ ಉಳಿದುದು ಜೀವನಾಂಶವೊಂದೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಹದಿನಾಲ್ಕರಲ್ಲಿ ವಿವಾಹ, ಎರಡೇ ವರ್ಷಗಳಲ್ಲಿ ವೈಧವ್ಯ. ಆದರೂ ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದಿ, ಲೋಕನಿಂದೆಗೆ ಅಂಜದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು.

1921ರಲ್ಲಿ ಮದರಾಸು ಇಲಾಖೆಯೂ ನಮ್ಮ ಮನಗೂಳಿಯು ಆಗ ಸೇರಿದ್ದ ಮುಂಬಯಿ ಇಲಾಖೆಯೂ ಸ್ತ್ರೀಯರಿಗೆ ಮತದ ಹಕ್ಕನ್ನು ಕೊಟ್ಟವು. ಆದರೆ ಆ ಹಕ್ಕು ಆಸ್ತಿಯುಳ್ಳವರಿಗೆ, ತೆರಿಗೆ ಕೊಡುವವರಿಗೆ ಮಾತ್ರ. ಗಿರಿಜಾಬಾಯಿಯವರಂತೆ ಗಂಡನ ಆಸ್ತಿಯಲ್ಲಿ ಪಾಲಿಲ್ಲದ ಸ್ತ್ರೀಯರೆಷ್ಟು ಮಂದಿ! ಅವರಿಗೆ ಆ ಹಕ್ಕು ಕನ್ನಡಿಯೊಳಗಿನ ಗಂಟೇ ಸರಿ. ಶಾಸನಸಭೆಯಲ್ಲಿ ಕುಳಿತುಕೊಳ್ಳುವ ಅಧಿಕಾರವಂತೂ 1926ರವರೆಗೆ ಯಾವ ಸ್ತ್ರೀಗೂ ಇರಲಿಲ್ಲ.

ಆ ವರ್ಷ ಮದರಾಸಿನಲ್ಲಿ ಈ ಅಡ್ಡಿ ತೊಲಗಿದೊಡನೆ, ಐರ್ಲೆಂಡಿನಿಂದ ಬಂದು ನಮ್ಮ ಸ್ತ್ರೀಯರ ಸೇವೆಗೆ ನಿಂತಿದ್ದ ಮಾರ್ಗರೇಟ್ ಕಸಿನ್ಸ್ ಅವರು ಕಮಲಾದೇವಿಯವರನ್ನು ಮಂಗಳೂರಿನಿಂದ ನಿಲ್ಲುವಂತೆ ಒತ್ತಾಯಪಡಿಸಿದರು. ಉಮೇದುವಾರರಿಗೆ ಆಗ ಕೇವಲ ಇಪ್ಪತ್ಮೂರು ವರ್ಷ. ಯಾವ ಪಕ್ಷದ ಬೆಂಬಲವೂ ಇಲ್ಲ, ಪ್ರಚಾರಕ್ಕೆ ದೊರೆತ ಕಾಲವೂ ಅತ್ಯಲ್ಪ. ಮತದಾರರಲ್ಲಿ ಬಹುಪಾಲು ಗಂಡಸರೇ. ಹೀಗಿದ್ದೂ ಅವರು ಸೋತದ್ದು ಬಹಳ ಕಡಿಮೆ ಮತಗಳ ಅಂತರದಿಂದ. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಮೊದಲ ಸ್ತ್ರೀಯರಲ್ಲಿ ಇವರ ಹೆಸರು ಸೇರಿತು. ಗಂಡಸರ ಮತಗಳಿಂದಲೇ ಅಷ್ಟು ಸಮೀಪ ಬಂದುದು ನಮಗೆ ಗೆಲುವಿಗಿಂತ ಕಡಿಮೆಯೆಂದು ತೋರುವುದಿಲ್ಲ.

ಮರುವರ್ಷ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಪರಿಷತ್ತಿಗಾಗಿ ದುಡಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯಲ್ಲಿ ಉಪ್ಪನ್ನು ಮಾರಿ ಸೆರೆಮನೆ ಸೇರಿದರು. ದೇಶವಿಭಜನೆಯ ನಂತರ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿಯೂ, ಆಮೇಲೆ ನೇಕಾರ ಕುಶಲಕರ್ಮಿಗಳಿಗಾಗಿ ದೇಶದುದ್ದಕ್ಕೂ ಮಾಡಿದ ಸೇವೆಯು ಪ್ರತ್ಯೇಕ ಲೇಖನಕ್ಕೆ ತಕ್ಕುದು.

ಆಸ್ತಿಯ ಕಟ್ಟು ಮುರಿದು ವಯಸ್ಕರೆಲ್ಲರೂ ಮತವಿತ್ತದ್ದು 1951-52ರಲ್ಲಿ. ಆಗಲೂ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳನ್ನು ಮತದಾರರ ಪಟ್ಟಿಯಿಂದ ತೆಗೆಯಬೇಕಾಯಿತು. ವಿಶೇಷವಾಗಿ ಉತ್ತರದ ಪ್ರಾಂತಗಳಲ್ಲಿ, ಅವರು ಸ್ವಂತ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದ್ದರು.

ಕಮಲಾದೇವಿಯವರು 1988ನೆಯ ಇಸವಿ ಅಕ್ಟೋಬರ್ 29ರಂದು ದಿವಂಗತರಾದರು. ಐದು ತಿಂಗಳ ತರುವಾಯ, 1989ರ ಮಾರ್ಚಿಯಲ್ಲಿ, ಮತದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಆದುದರಿಂದ ಈ ಸಂಚಿಕೆಯನ್ನು ಓದುವ ಹತ್ತನೆಯ ತರಗತಿಯ ಹುಡುಗಿಯರು ಶಾಲೆ ಬಿಟ್ಟ ಎರಡು ಮೂರು ವರ್ಷಗಳಲ್ಲಿಯೇ ಪಟ್ಟಿಯಲ್ಲಿ ತಮ್ಮ ಸ್ವಂತ ಹೆಸರನ್ನು ಬರೆಯಿಸಲು ಹೋಗುವರು.